ನನ್ನ ಕೊಳಲನ್ನು ಪುಕ್ಕಟೆ ಹಂಚಿದ ಜಾಲತಾಣದವರಿಗೆ

ಅದೃಶ್ಯರೂ ಪರಮ ಉದಾರಿಗಳೂ ಆದ ಮಾನ್ಯರೇ,

ತಮ್ಮ ಹೆಸರಾಗಲಿ ವಿಳಾಸವಾಗಲಿ ಎಲ್ಲಿಯೂ ಸಿಗದ ಕಾರಣ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ತಾವು ಎಲ್ಲಿದ್ದರೂ ಕ್ಷೇಮವೆಂದು ನಂಬಿದ್ದೇನೆ. ನಾನೊಬ್ಬ ಕೊಳಲು ವಾದಕ. ಸದ್ದಾಗಬಾರದೆಂದು ಸ್ಟುಡಿಯೋದ ಫ್ಯಾನ್ ಆರಿಸಿ, ಬೆವರು ಒರೆಸಿಕೊಳ್ಳುತ್ತ ನುಡಿಸಿದ ನನ್ನ ಮೊದಲ ಧ್ವನಿಮುದ್ರಿಕೆ ಹೊರಬಂದ ಮರುದಿನವೇ ತಮ್ಮ ತಾಣದಲ್ಲಿ ಪುಕ್ಕಟೆ ಸಿಗತೊಡಗಿತು. ಒಂದು ಮಾತು ಕೇಳಿ ನನಗೆ ತೊಂದರೆ ಕೊಡಬಾರದೆಂಬ ತಮ್ಮ ಸೌಜನ್ಯ ದೊಡ್ಡದು.

ತಮ್ಮ ಔದಾರ್ಯದ ಫಲಾನುಭವಿ ನನ್ನ ಭಾವ. ಫೋಟೋ ಅಂಗಡಿ ನಡೆಸುವ ಅವರು, ಬಸ್ ಚಾಲಕರಾಗಿದ್ದ ನಮ್ಮಪ್ಪನ ಬೀಳ್ಕೊಡುಗೆಯ ದಿನ ನನ್ನ ಕೊಳಲನ್ನು ಕೇಳಿಸಿ ಎಲ್ಲರನ್ನೂ ಬೆರಗುಗೊಳಿಸಬೇಕೆಂದು, ಅದನ್ನು ತಮ್ಮ ತಾಣದಿಂದ ಅಂಗಡಿಯ ಲ್ಯಾಪ್‌ಟಾಪಿಗೆ ಇಳಿಸಿಕೊಂಡರು. ಡಿಪೋದ ಸಭಾಂಗಣದಲ್ಲಿ ಅಪ್ಪ ಕಣ್ಣುಮುಚ್ಚಿ ಕಿವಿಗೊಟ್ಟು ಕೂತರು. ಸ್ಪೀಕರಿನಿಂದ ಹೆಣ್ಣುದನಿಯೊಂದು “ಹೊಟ್ಟೆ ಕರಗಿಸಬೇಕೇ?” ಎಂದು ಕೇಳಿತು. ಮುಂದಿನ ಸಾಲಿನಲ್ಲಿದ್ದ ಡಿಪೋ ಮ್ಯಾನೇಜರರು ಕೋಟಿನ ಗುಂಡಿ ಹಾಕಿಕೊಂಡರು. ಭಾವ ಎಷ್ಟು ತಡಕಾಡಿದರೂ ಆಕೆ ಬಾಯಿ ಮುಚ್ಚದಿದ್ದಾಗ ಅಕ್ಕ ಎದ್ದು ಹೋಗಿ ತಂತಿಯನ್ನೇ ಕಿತ್ತಳು.

“ನಿನ್ನ ಮೇಲಿನ ಅಭಿಮಾನಕ್ಕೇ ಇಳಿಸ್ಕೊಂಡೆ ಕಣೋ,” ಎಂದರು ಭಾವ ನನಗೆ.

“ಅವನನ್ನೇ ಕೇಳ್ಬೋದಿತ್ತಲ್ರೀ, ಪಕ್ಕದ ಬೀದೀಲೇ ಇದ್ದಾನೆ,” ಎಂದಳು ಅಕ್ಕ.

ಮರುದಿನ ಅಂಗಡಿಯಲ್ಲಿ ಲ್ಯಾಪ್‌ಟಾಪ್ ತೆರೆದರೆ ಒಂದು ಫೋಟೋ ಕೂಡ ತೆರೆಯಲಿಲ್ಲ. ಹಾಡಿನ ಜೊತೆ ತಾವು ಕಳಿಸಿದ ವೈರಸ್ಸು ಗಿರಾಕಿಗಳ ಮದುವೆ, ಮಕ್ಕಳ ಮೊದಲ ಹೆಜ್ಜೆ ಎಲ್ಲಕ್ಕೂ ಬೀಗ ಜಡಿದಿತ್ತು. ನನ್ನ ಸಂಗೀತಕ್ಕೆ ಬಾಗಿಲೇ ಇಲ್ಲದಂತೆ ಮಾಡಿದ ತಮ್ಮ ಬಳಿ ಇಷ್ಟು ಭದ್ರವಾದ ಬೀಗವಿದೆಯೆಂದು ತಿಳಿದು ಸಂತೋಷವಾಯಿತು. ದಯವಿಟ್ಟು ಅದನ್ನು ಕಳಚಿ ತಂದು ನನ್ನ ಕೊಳಲಿಗೆ ಹಾಕಿಕೊಡುವಿರಾ?

ಆದರೆ ತೀರಿಹೋದ ಹೆಂಡತಿಯ ಕೊನೆಯ ಫೋಟೋ ಕೇಳಿಕೊಂಡು ಬಂದ ಹಿರಿಯರೊಬ್ಬರ ಎದುರು ಭಾವ ತಲೆತಗ್ಗಿಸಿ ನಿಂತಾಗ ನನಗೆ ನಗು ಬರಲಿಲ್ಲ. ಇಬ್ಬರೂ ಸೇರಿ ಅಂಗಡಿಯ ಡ್ರಾಯರುಗಳನ್ನೆಲ್ಲ ಜಾಲಾಡಿದೆವು. ಪುಣ್ಯಕ್ಕೆ ಆ ಒಂದು ಚಿತ್ರ ಹಳೆಯ ಕ್ಯಾಮೆರಾದೊಳಗೆ ಉಳಿದಿತ್ತು. ಮಿಕ್ಕವು ಹೋದವು, ಆ ಗಿರಾಕಿಗಳ ಮನೆಮನೆಗೆ ಹೋಗಿ ಭಾವ ಕ್ಷಮೆ ಕೇಳುತ್ತಿದ್ದಾರೆ. ತಮ್ಮ ಪರವಾಗಿಯೂ ಕೇಳುತ್ತಿದ್ದಾರೆಂದು ತಿಳಿದು ನಿಶ್ಚಿಂತರಾಗಿರಿ.

ಭಾನುವಾರ ಅಪ್ಪನಿಗಾಗಿ ಮನೆಯಲ್ಲೇ ನುಡಿಸಲು ಕೂತೆ. ಭಾವ ಒಳಗೆ ಬರದೆ ಹೊಸ್ತಿಲಲ್ಲೇ ನಿಂತರು.

“ನಾನೂ ಕೇಳಿಸ್ಕೋಬಹುದಾ?” ಎಂದರು.

ಅಪ್ಪ ಪಕ್ಕಕ್ಕೆ ಸರಿದು ಅವರಿಗೆ ಜಾಗ ಮಾಡಿಕೊಟ್ಟರು.

ಒಪ್ಪಿಗೆ ಕೇಳದೆಯೇ ತಮ್ಮ ವಿಶ್ವಾಸಿಯಾಗಿಬಿಟ್ಟಿರುವ,
ಕೊಳಲಿನವನು

ವಿ.ಸೂ.: ಕೃತಿಯನ್ನು ತೆಗೆದುಹಾಕಬೇಕೆನ್ನುವ ಕಲಾವಿದರಿಗಾಗಿ ತಮ್ಮ ಪುಟದ ಕೊನೆಯಲ್ಲಿ ‘ಇಲ್ಲಿ ಒತ್ತಿರಿ’ ಎಂಬ ಸೌಲಭ್ಯವಿರುವುದನ್ನು ಗಮನಿಸಿದ್ದೇನೆ. ಒತ್ತುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ತಾವೇ ತಮ್ಮ ಸ್ವಂತ ಕಂಪ್ಯೂಟರಿನಿಂದ ಒಮ್ಮೆ ಒತ್ತಿ ನೋಡಬೇಕಾಗಿ ವಿನಂತಿ.