ಖಣದಲ್ಲಿ ಸೋಸಿದ ಡೀಸೆಲ್ಲು

ಗಂಡಸು ತನ್ನ ಕಾರನ್ನು ತಾನೇ ರಿಪೇರಿ ಮಾಡಬಾರದೆಂದು ಯಾವ ಶಾಸ್ತ್ರದಲ್ಲಿ ಬರೆದಿದೆ? ನನ್ನ ಹೆಂಡತಿ ಸುಮಿತ್ರಾಬಾಯಿಯ ಶಾಸ್ತ್ರದಲ್ಲಿ ಬರೆದಿದೆ.

ನಮ್ಮದು ನಲವತ್ತೆಂಟನೇ ಇಸವಿಯ ವಿಲಾಯತಿ ಕಾರು. ಪೆಟ್ರೋಲ್ ತುಟ್ಟಿಯಾದ ವರ್ಷ ಅದಕ್ಕೆ ಡೀಸೆಲ್ ಎಂಜಿನ್ ಕೂಡಿಸಿದೆ. ಮೆಕ್ಯಾನಿಕ್ ದಸ್ತಗೀರಸಾಬ ಬಂದು ಎಬ್ಬಿಸಿದಾಗಲೆಲ್ಲ ಅದು ಮುದ್ದೇಬಿಹಾಳದ ಪೇಟೆಯ ತನಕ ಹೋಗಿಬಂದು, ಮತ್ತೆ ನಮ್ಮ ಅಂಗಳದಲ್ಲಿ ಸಮಾಧಿಸ್ಥವಾಗುತ್ತಿತ್ತು. ತವರಿಗೆ ಹೋದರೆ ಕಾರಿನಲ್ಲೇ ಎಂಬ ನನ್ನ ಘನಘೋಷಣೆಯಿಂದಾಗಿ ಪಾಪ, ಅವಳು ತವರೂರು ಕನ್ನೊಳ್ಳಿಯ ಮುಖ ನೋಡಿ ವರ್ಷವಾಗಿತ್ತು. (ತಪ್ಪು ನನ್ನದೇ, ಒಪ್ಪುತ್ತೇನೆ. ಅವಳೆದುರು ಇನ್ನೂ ಒಪ್ಪಿಲ್ಲ.)

ಆ ದಿನ ಅವಳ ತಂಗಿ ಚನ್ನವ್ವನ ಕುಬಸ. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಕುಪ್ಪಸದ ಖಣ ಕೊಟ್ಟು ಉಡಿ ತುಂಬುವ ದಿನ. ಅಕ್ಕನೇ ಮೊದಲು ಉಡಿ ತುಂಬಬೇಕೆಂದು ಚನ್ನವ್ವ ಹಟ ಹಿಡಿದಿದ್ದಳು.

"ಎಂಟರ ಬಸ್ಸಿಗೆ ಹೋಗೂಣ್ರಿ," ಎಂದಳು ಸುಮಿತ್ರಾಬಾಯಿ.

"ಮನ್ಯಾಗ ಕಾರ್ ಇಟ್ಕೊಂಡು ಬಸ್ಸಿಗೆ ಹ್ವಾದ್ರ ನಿಮ್ಮಪ್ಪ ಏನಂದಾನು?"

"ಮಗಳು ಬಂದ್ಲು ಅಂತಾನ."

ನಾನು ಬಾನೆಟ್ಟಿನೊಳಗೆ ತಲೆ ಹಾಕಿದೆ. ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಪಂಪಿನಲ್ಲಿ ಕಸ ಕೂತಿದೆ ಎಂಬುದು ನನ್ನ ಮಹಾಸಂಶೋಧನೆ. ಪೈಪು ಬಿಚ್ಚಿದೆ, ಡೀಸೆಲ್ ಬಸಿದೆ. ಸೋಸಲು ಒತ್ತು ನೇಯ್ಗೆಯ ಬಟ್ಟೆ ಬೇಕಿತ್ತು. ಕಟ್ಟೆಯ ಮೇಲಿನ ಬುಟ್ಟಿಯಲ್ಲಿ ಹೊಸ ಖಣ ಸಿಕ್ಕಿತು; ಅದರಲ್ಲೇ ಸೋಸಿ, ಡೀಸೆಲ್ ಮತ್ತೆ ತುಂಬಿ, ಪೈಪು ಕೂಡಿಸಿದೆ. ಆ ಖಣ ಚನ್ನವ್ವನ ಉಡಿಗೆಂದು ಗುಳೇದಗುಡ್ಡದಿಂದ ತರಿಸಿದ್ದೆಂದು ಗೊತ್ತಾಗುವ ಹೊತ್ತಿಗೆ ಎಂಟರ ಬಸ್ಸೂ ಹೋಗಿತ್ತು, ಕಾರೂ ಚಾಲೂ ಆಗಿರಲಿಲ್ಲ.

ಸುಮಿತ್ರಾಬಾಯಿ ಬೈಯಲಿಲ್ಲ. ಡೀಸೆಲ್ ತೊಟ್ಟಿಕ್ಕುವ ಖಣ ಹಿಡಿದು ಮೆಟ್ಟಿಲ ಮೇಲೆ ಕೂತು ಅತ್ತಳು. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ದಸ್ತಗೀರಸಾಬನ ಮನೆಗೆ ಓಡಿದೆ. ಅವನು ಬಸವನ ಬಾಗೇವಾಡಿಗೆ ಹೋಗಿದ್ದ. ಸಪ್ಪೆ ಮೋರೆ ಹೊತ್ತು ಬಂದು, ಕೊನೆಯದೊಂದು ಸಲವೆಂದು ಕೀಲಿ ತಿರುಗಿಸಿದೆ. ಎಂಜಿನ್ ಚಾಲೂ ಆಯಿತು.

"ನೋಡಿದೇನು? ಸೋಸಿದ್ರ ಹಿಂಗಿರತೈತಿ."

"ಹೌದ್ರಿ," ಎಂದು ಅವಳು ಕೈ ಒರೆಸಿಕೊಂಡು, ತನಗೆಂದು ಇಟ್ಟುಕೊಂಡಿದ್ದ ಖಣವನ್ನು ಬುಟ್ಟಿಗೆ ಹಾಕಿ ಕಾರು ಹತ್ತಿ ಕೂತಳು.

ಕನ್ನೊಳ್ಳಿಯಲ್ಲಿ ಅಕ್ಕತಂಗಿಯರು ತಬ್ಬಿಕೊಂಡು ಅತ್ತದ್ದೂ ನಕ್ಕದ್ದೂ ಒಂದೇ ಹೊತ್ತಿಗೆ. ಉಡಿ ತುಂಬಿದ್ದಾಯಿತು. ನಾನು ಹೋಳಿಗೆ ಉಣ್ಣುತ್ತ ಬೀಗರಿಗೆಲ್ಲ ಪಂಪಿನ ಪುರಾಣ ಹೇಳುತ್ತಿದ್ದೆ. ಮಾವ ಬಸಂತರಾಯರು ಹತ್ತಿರ ಬಂದು ಕೂತರು.

"ಅಳ್ಯಾರ, ಚಲೋ ವ್ಯಾಳೇಕ ಬಂದ್ರಿ. ಬಾವಿ ಮ್ಯಾಲಿನ ಎಂಜಿನ್ ಡೀಸೆಲ್ ಮುಗದು ನಿಂತಿತ್ತು. ತುಂಬಿಸಿದ್ರೂ ಚಾಲೂ ಆಗವಲ್ದು. ಕಬ್ಬು ಒಣಗಾಕತ್ತೈತಿ. ಒಂದೀಟು ಕೈ ಹಚ್ರಿ."

ನಾನು ಕೈಯಲ್ಲಿದ್ದ ಹೋಳಿಗೆಯನ್ನು ತಾಟಿಗೆ ಇಳಿಸಿದೆ. ನೀರು ಕೊಡುವ ನೆಪದಲ್ಲಿ ಸುಮಿತ್ರಾಬಾಯಿ ಬಾಗಿದಳು.

"ಪೈಪ್ ಬಿಚ್ಚಬ್ಯಾಡ್ರಿ, ಗಾಳಿ ಹೊಗತೈತಿ. ಡೀಸೆಲ್ ಮುಗದಾಗೂ ಹಂಗ ಹೊಕ್ಕಿರತೈತಿ. ಪಂಪಿನ ಮಗ್ಗಲ ಸ್ಕ್ರೂ ಸಡ್ಲ ಮಾಡಿ ಪಂಪ್ ಕೈಲೆ ಒತ್ತರಿ. ಗಾಳಿ ಹೋಗಿ ಗುಳ್ಳಿ ನಿಂತ ಮ್ಯಾಲ ಬಿಗೀರಿ. ಮುಂಜಾನಿ ನೀವು ದಸ್ತಗೀರಸಾಬನ ಮನಿಗೆ ಹ್ವಾದಾಗ ನಾ ಅಷ್ಟ ಮಾಡಿದ್ನಿ."

"ನಿನಗ್ಯಾರು ಕಲಿಸಿದ್ರು?"

"ಅಂವಾ ಮಾಡೂ ಮುಂದ ಚಾ ಕೊಟ್ಟು ನೋಡಕೋತ ನಿಂತಿದ್ನಿ. ನೀವು ಪೇಪರ್ ಓದತಿದ್ರಿ."

"ಕಾರ್ ಚಾಲೂ ಆದಾಗ ಹೇಳಬಾರದಾಗಿತ್ತೇನು?"

"ಖುಷಿಯಾಗಿದ್ರಿ. ಯಾಕ ಸಣ್ಣ ಮಾಡ್ಲಿ?"

ಅವಳ ಉಗುರುಗಳಲ್ಲಿ ಇನ್ನೂ ಎಂಜಿನ್ನಿನ ಕರಿ ಇತ್ತು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವಳ ಮೇಲೆ ಪ್ರೀತಿ ಉಕ್ಕಿತು.

ಹೇಳಿದಂತೆ ಮಾಡಿದೆ. ಬಾವಿಯ ನೀರು ಕಬ್ಬಿಗೆ ಹರಿಯಿತು. ಮಾವ ಬೆನ್ನು ತಟ್ಟಿ, "ಊರಾಗ ಇನ್ನ ಐದು ಎಂಜಿನ್ ನಿಂತಾವು. ಹದಿನೈದು ದಿನಕ್ಕೊಮ್ಮೆ ಬಂದು ಹೋಗ್ರಿ," ಎಂದರು. ನಾನು ಗಾಬರಿಯಿಂದ ಹೆಂಡತಿಯ ಕಡೆ ನೋಡಿದೆ.

"ಬರ್ತಾರಪ್ಪಾ," ಎಂದಳು ನನ್ನ ಪರವಾಗಿ. "ಅವರ ಜೋಡಿ ನಾನೂ ಬರ್ತೇನಿ."