ಕೆಮ್ಮಿದ ಹಾಸಿಗೆ ಗಂಟು ಹಾಗೂ ಮುಂದಾಳಿನ ಹಗ್ಗದ ಬಗ್ಗೆ

ಮನೆ ಸಾಮಾನು ಸಾಗಣೆ ಇಲಾಖೆ
ಸುತ್ತೋಲೆ ಸಂಖ್ಯೆ: ಮಸಾಸಾ/ಕೆಮ್ಮು/17(ಅ)

ವಿಷಯ: ಮನೆ ಬದಲಿಸುವಾಗ ಹಮಾಲರೂ ಗಿರಾಕಿಗಳೂ ಸಾಮಾನಿನ ಜೊತೆ ಕಾಯಿಲೆಯನ್ನೂ ಸಾಗಿಸದಿರುವ ಬಗ್ಗೆ.

ಉಲ್ಲೇಖ: (1) 'ಸೀನಿದವರಿಗೆ ಹಗ್ಗವಿಲ್ಲ' ಎಂಬ ಹಿಂದಿನ ಸುತ್ತೋಲೆ.
(2) ಹಾಸಿಗೆ ಗಂಟೊಂದು ಕೆಮ್ಮಿದ ಬಗ್ಗೆ ಲಾರಿ ಚಾಲಕರ ವರದಿ.

ಪ್ರಸ್ತಾವನೆ:

ಈ ತಿಂಗಳ ಮೊದಲ ಸೋಮವಾರ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಲಾರಿಯ ಮುಂದಿನ ಗಾಲಿಯ ಹತ್ತಿರ ನಿಂತವರಿಗೆ ಹಿಂದಿನ ಗಾಲಿ ಕಾಣುತ್ತಿರಲಿಲ್ಲ. ದೇವರು ದೊಡ್ಡವನು, ಗಿರಾಕಿಯ ಮನೆ ಮಾತ್ರ ಸಿಕ್ಕಿತು. ಲಾರಿಯಿಂದ ಮೊದಲು ಇಳಿದವರು ಇಲಾಖೆಯ ಹಿರಿಯ ಹಮಾಲರು, ಎಲ್ಲರ ಬಾಯಲ್ಲಿ ಆನೆಮಾವ. ಇಪ್ಪತ್ತೆರಡು ವರ್ಷಗಳಿಂದ ತಂಡದ ಹಗ್ಗ ಅವರ ಹೆಗಲ ಮೇಲಿದೆ. ಹಗ್ಗ ಯಾರ ಹೆಗಲ ಮೇಲೋ ಅವರೇ ಮುಂದಾಳು. ಅವರು 'ಎತ್ತು' ಎಂದರೆ ಬೀರು ಏಳತಕ್ಕದ್ದು, 'ಇಳಿಸು' ಎಂದರೆ ಇಳಿಯತಕ್ಕದ್ದು.

ಅಂದು ಆನೆಮಾವನ ಮೈ ಕೆಂಡವಾಗಿತ್ತು. ಆದರೆ ಉಲ್ಲೇಖ (1)ರ ಪ್ರಕಾರ ಸೀನಿದರೆ ಹಗ್ಗ ಬೇರೆಯವರಿಗೆ. ಬೇರೆಯವರೆಂದರೆ ಅದೇ ತಂಡದಲ್ಲಿರುವ ಸ್ವಂತ ಅಳಿಯ. ಒಮ್ಮೆ ಅಳಿಯನ ಹೆಗಲೇರಿದ ಹಗ್ಗ ಮತ್ತೆ ಮಾವನ ಹೆಗಲಿಗೆ ಬಂದೀತೇ ಎಂಬ ಚಿಂತೆ ಜ್ವರಕ್ಕಿಂತ ಹೆಚ್ಚು ಸುಡುತ್ತಿತ್ತೆಂದು ತನಿಖೆಯಿಂದ ತಿಳಿದುಬಂದಿದೆ. ಆದಕಾರಣ ಅವರು ಬಂದ ಸೀನನ್ನೆಲ್ಲ ಬೀರುವಿನೊಳಗೆ ತಲೆಯಿಟ್ಟು ಸೀನಿ, ಮೆಲ್ಲಗೆ ಬಾಗಿಲು ಹಾಕಿದ್ದಾರೆ.

ಮನೆಯೊಡತಿಯೂ ಕಡಿಮೆಯವರಲ್ಲ. ಕಿರಿಯ ಮಗಳಿಗೆ ಜ್ವರವೆಂದು ಗೊತ್ತಾದರೆ ಲಾರಿ ಹಿಂದಿರುಗೀತೆಂದು ಹೆದರಿ, ಮಗುವನ್ನು ಮೂಲೆಯ ಹಾಸಿಗೆ ಗಂಟಿನೊಳಗೆ ಬೆಚ್ಚಗೆ ಮಲಗಿಸಿ, "ಅಣ್ಣಾ, ಆ ಮೂಲೇದು ಕಡೇಗೆ ತಗೊಳ್ಳಿ" ಎಂದಷ್ಟೇ ಹೇಳಿದ್ದಾರೆ. ಆನೆಮಾವ ಯಾವ ಮನೆಯಲ್ಲೂ ಮೂಲೆಯಿಂದಲೇ ಶುರು ಮಾಡುವವರು. ಗಂಟನ್ನು ಎತ್ತಿಕೊಂಡು ಮೆಟ್ಟಿಲ ತಿರುವಿಗೆ ಬಂದಾಗ ಗಂಟು ಕೆಮ್ಮಿದೆ. ಮಾವ ಸೀನಿದ್ದಾರೆ. "ತಾತಾ, ನಿಂಗೂ ಶೀತಾನಾ?" ಎಂದು ಗಂಟು ವಿಚಾರಿಸಿದೆ. ಗುಟ್ಟು ರಟ್ಟಾಗಿ, ಮಾವ ಮನೆಯೊಡತಿಯನ್ನೂ ಮನೆಯೊಡತಿ ಮಾವನನ್ನೂ ನೋಡಿ ಇಬ್ಬರೂ ತಲೆ ತಗ್ಗಿಸಿದ್ದಾರೆ. ಸಾಗಣೆ ನಿಂತಿದೆ. ಮಗು ಹಾಸಿಗೆಗೆ, ಮಾವ ಮನೆಗೆ, ಹಗ್ಗ ಅಳಿಯನ ಕೈಗೆ ಹೋಗಿವೆ.

ಆದುದರಿಂದ ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಸೂಚಿಸಲಾಗಿದೆ:

1. ಮೈ ಬಿಸಿಯಿದ್ದವರು, ಹಮಾಲರಾಗಲಿ ಗಿರಾಕಿಯಾಗಲಿ, ಹಿಂದಿನ ದಿನವೇ ತಿಳಿಸತಕ್ಕದ್ದು. ಲಾರಿ ಕಾಯತಕ್ಕದ್ದು.

2. ಸಾಮಾನು ಮುಟ್ಟುವ ಮುನ್ನ ಸೋಪು ಹಚ್ಚಿ ಕೈ ತೊಳೆಯತಕ್ಕದ್ದು. ಸೋಪನ್ನು ಎಲ್ಲಕ್ಕಿಂತ ಮೊದಲು ಪೆಟ್ಟಿಗೆಗೆ ತುಂಬಿ, ಅದರ ಮೇಲೆ ಹದಿನಾಲ್ಕು ಪೆಟ್ಟಿಗೆ ಪೇರಿಸಿ, ಸೋಪೆಲ್ಲಿ ಎಂದು ಹಮಾಲರನ್ನೇ ಕೇಳುವುದನ್ನು ನಿಷೇಧಿಸಲಾಗಿದೆ.

3. ಇಬ್ಬರ ನಡುವೆ ಆರಡಿ ಅಂತರವಿರತಕ್ಕದ್ದು. ನಾಲ್ಕಡಿ ಮೇಜು ಹೊರುವಾಗ ಕೊರತೆ ಬೀಳುವ ಎರಡಡಿಯನ್ನು ಮುಖ ತಿರುಗಿಸಿಕೊಂಡು ಸರಿದೂಗಿಸತಕ್ಕದ್ದು. ಮಾವ-ಅಳಿಯಂದಿರಿಗೆ ಇದು ಮೊದಲಿನಿಂದಲೂ ಅಭ್ಯಾಸವಿರುವುದರಿಂದ ತರಬೇತಿಯಿಂದ ವಿನಾಯಿತಿ ನೀಡಲಾಗಿದೆ.

4. ಸೀನು ಧೂಳಿನದೋ ಶೀತದ್ದೋ ಎಂಬುದನ್ನು ಸ್ಥಳದಲ್ಲೇ ತೀರ್ಮಾನಿಸತಕ್ಕದ್ದು. ಹೊಸ್ತಿಲ ಮೇಲೆ ಬಂದ ಸೀನಿನ ಬಗ್ಗೆ ಇಲಾಖೆಯ ಅಭಿಪ್ರಾಯ ಕೋರತಕ್ಕದ್ದು. ಉತ್ತರ ಬರುವವರೆಗೆ ಇನ್ನೊಂದು ಸೀನುವಂತಿಲ್ಲ.

5. ಬೀರುವಿನೊಳಗೆ ಈಗಾಗಲೇ ಇರುವ ಹನ್ನೊಂದು ಸೀನುಗಳನ್ನು ಹೊಸ ಮನೆಗೆ ಒಯ್ಯತಕ್ಕದ್ದಲ್ಲ. ಬಾಗಿಲು ತೆರೆದು, ಬಿಸಿಲು ಬೀಳಿಸಿ, ಸೋಪು ನೀರಿನಲ್ಲಿ ಒರೆಸಿ, ಒಂದೊಂದಾಗಿ ಬಿಡುಗಡೆ ಮಾಡತಕ್ಕದ್ದು.

6. ಯಾವುದೇ ಹಾಸಿಗೆ ಗಂಟನ್ನು ಎತ್ತುವ ಮುನ್ನ ಮೂರು ಸಲ ಮಾತನಾಡಿಸತಕ್ಕದ್ದು. ಉತ್ತರ ಕೊಟ್ಟ ಗಂಟನ್ನು ಸಾಮಾನಿನ ಪಟ್ಟಿಯಿಂದ ತೆಗೆದು ಕುಟುಂಬದ ಪಟ್ಟಿಗೆ ಸೇರಿಸತಕ್ಕದ್ದು. ಮುನಿಸಿನಿಂದ ಉತ್ತರ ಕೊಡದೆ ಮಲಗಿರುವ ಯಜಮಾನರನ್ನು ಸಾಮಾನೆಂದೇ ಪರಿಗಣಿಸತಕ್ಕದ್ದು.

7. ಉಲ್ಲೇಖ (1)ನ್ನು ಹಿಂಪಡೆಯಲಾಗಿದೆ. ಇಲಾಖೆ ಹೆದರಿಸಿದ್ದರಿಂದಲೇ ಜನ ಕಾಯಿಲೆಯನ್ನು ಬಚ್ಚಿಟ್ಟರೆಂಬುದನ್ನು ಇಲಾಖೆ ಒಪ್ಪಿಕೊಳ್ಳುತ್ತದೆ. ಇದನ್ನು ಯಾರೂ ಹೊರಗೆ ಹೇಳತಕ್ಕದ್ದಲ್ಲ. ಆದರೆ ಗುಣವಾಗಿ ಬಂದವರು ಹಗ್ಗ ಮರಳಿ ಪಡೆಯಲು ಎಂದಿನಂತೆ ನಮೂನೆ 9ರಲ್ಲಿ, ಹೆಗಲಿನ ಭಾವಚಿತ್ರ ಸಹಿತ, ಮೂರು ಪ್ರತಿ ಅರ್ಜಿ ಸಲ್ಲಿಸತಕ್ಕದ್ದು.

ಷರಾ: ಈ ಸುತ್ತೋಲೆ ಬೆರಳಚ್ಚಾಗುತ್ತಿದ್ದಾಗ ಬಂದ ವರದಿಯನ್ನು ಗಮನಿಸಲಾಗಿದೆ. ಒಂಬತ್ತನೆಯ ದಿನ ಆನೆಮಾವ ಗುಣವಾಗಿ, ಅರ್ಜಿ ಹಿಡಿದು, ಲಾರಿಯಿಂದ ತುಸು ದೂರವೇ ನಿಂತಿದ್ದರು. ಅಳಿಯಂದಿರು ಅಷ್ಟೂ ದಿನ ಕೆಲಸ ನಡೆಸಿದ್ದರೂ ಹಗ್ಗವನ್ನು ಹೆಗಲಿಗೆ ಹಾಕಿಕೊಂಡಿರಲಿಲ್ಲ. ಒಗೆದು, ಒಣಗಿಸಿ, ಸುರುಳಿ ಸುತ್ತಿ ಚಾಲಕರ ಸೀಟಿನ ಹಿಂದಿನ ಮೊಳೆಗೆ ತೂಗುಹಾಕಿದ್ದರು. ಅರ್ಜಿಯನ್ನು ಕೇಳದೆ, ಹಗ್ಗವನ್ನು ತೆಗೆದು ಮಾವನ ಹೆಗಲ ಮೇಲಿಟ್ಟು, ಅಂದು ಹೊರಬೇಕಿದ್ದ ಮೇಜಿನ ಹಿಂಬದಿಗೆ ಹೋಗಿ ಬಗ್ಗಿ ನಿಂತಿದ್ದಾರೆ. ಈ ಹಸ್ತಾಂತರ ನಿಯಮಬಾಹಿರ. ಕ್ರಮ ಅಗತ್ಯವಿಲ್ಲ.

ಸಹಿ/-
ಪ್ರಭಾರ ಅಧೀಕ್ಷಕರು
(ಕಾಯಂ ಅಧೀಕ್ಷಕರು ಜ್ವರದ ನಿಮಿತ್ತ ರಜೆಯಲ್ಲಿದ್ದಾರೆ; ಹಿಂದಿನ ದಿನವೇ ತಿಳಿಸಿದ್ದಾರೆ)

ಪ್ರತಿಗಳು:
1. ಲಾರಿ ಚಾಲಕರಿಗೆ.
2. ಮನೆಯೊಡತಿಯವರಿಗೆ, ಸಾಗಣೆಯ ಹೊಸ ದಿನಾಂಕದೊಂದಿಗೆ.
3. ಹಾಸಿಗೆ ಗಂಟಿಗೆ. ಈಗ ಗುಣಮುಖ, ಓದಿ ಹೇಳತಕ್ಕದ್ದು.
4. ಬೀರುವಿಗೆ, ಬಾಗಿಲ ಒಳಬದಿಗೆ ಅಂಟಿಸಲು.
5. ಅಳಿಯಂದಿರಿಗೆ, ಮಾವನವರ ಮೂಲಕ.
6. ಆನೆಮಾವನವರಿಗೆ. ಹೆಗಲಿನ ಮೂರೂ ಭಾವಚಿತ್ರಗಳನ್ನು ಹಿಂದಿರುಗಿಸಿದೆ.