ಕಿಟಕಿಯಲ್ಲಿ ತೂರಿದ ಸ್ವಿಟ್ಜರ್ಲೆಂಡ್

“ರೈಲಿನ್ ವಿಸ್ಯ ನಂಗೇ ಏಳ್ಕೊಡ್ತೀಯೇನಮ್ಮಾ?”

ಟ್ರಾವೆಲ್ ಏಜೆನ್ಸಿಯ ಹುಡುಗಿಯ ಮುಂದೆ ಸುಧಾಕರ್ ಹೀಗೆ ಎದೆ ತಟ್ಟಿಕೊಂಡ ದಿನವೇ ಅವನ ಗ್ರಹಚಾರವೂ ಒಂದು ಟಿಕೆಟ್ ತೆಗೆಸಿತು. ಚಿನ್ನದ ಗಣಿಯೂರು ಕೋರಮಂಡಲ್‌ನಿಂದ ಬೆಂಗಳೂರಿನ ಕಾರ್ಖಾನೆಗೆ ಇಪ್ಪತ್ತು ವರ್ಷ ಸೀಸನ್ ಪಾಸಿನಲ್ಲಿ ಓಡಾಡಿದ ಮಹಾರಥಿ ಅವನು! ಮದುವೆಯ ಬೆಳ್ಳಿಹಬ್ಬಕ್ಕೆ ಹೆಂಡತಿಗೆ ಹಿಮ ತೋರಿಸುತ್ತೇನೆ. ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಇಟಲಿ ಮೂರನ್ನೂ ರೈಲಿನಲ್ಲೇ ಸುತ್ತಿಸುತ್ತೇನೆ. ಪ್ಲಾನು ಪೂರ್ತಿ ನನ್ನದೇ ಎಂದು ಪ್ರತಿಜ್ಞೆ ಮಾಡಿಬಿಟ್ಟ.

ಹೆಂಡತಿ ಶಶಿರೇಖ ಹಾಲಿನ ಡೈರಿಯಲ್ಲಿ ಫ್ಯಾಟ್ ನೋಡುವವಳು. ಹಾಲಿಗೆ ಎಷ್ಟು ನೀರು ಬಿದ್ದಿದೆ ಎಂದು ಕಣ್ಣಲ್ಲೇ ಹೇಳಬಲ್ಲಳು. ಗಂಡನ ಮಾತಿನಲ್ಲಿ ನೀರೆಷ್ಟು ಎಂಬುದೂ ಅವಳಿಗೆ ಗೊತ್ತಿತ್ತು. ಆದರೂ ಹೂಂ ಅಂದಳು. ಫ್ರಿಜ್ಜಿನೊಳಗಿನದು ಬಿಟ್ಟರೆ ಬೇರೆ ಹಿಮ ಕಂಡವಳಲ್ಲ. ನೋಡಬೇಕೆಂಬ ಆಸೆ ಬೆಟ್ಟದಷ್ಟಿತ್ತು.

ಅಂದಿನಿಂದ ಸುಧಾಕರನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಆಲ್ಪ್ಸ್‌ನ ಯಾವುದೋ ಸ್ಟೇಷನ್ನಿನಲ್ಲಿ ಒಂದು ರೈಲಿಳಿದು ಇನ್ನೊಂದು ಹತ್ತಲು ಬರೀ ನಾಲ್ಕು ನಿಮಿಷವಂತೆ! ಅಲ್ಲಿಯ ರೈಲು ಲೇಟಾಗುವುದೂ ಇಲ್ಲವಂತೆ! ಅವನ ಇಪ್ಪತ್ತು ವರ್ಷದ ಅನುಭವವೆಲ್ಲ ರೈಲು ಲೇಟಾಗಿ ಬರುತ್ತದೆ ಎಂಬ ನಂಬಿಕೆಯ ಮೇಲೇ ನಿಂತಿತ್ತು.

“ರಿಯರ್ಸಲ್ ಮಾಡ್ಬೇಕು ಶಶಿ!” ಎಂದ. “ವೀಸಾ ಆಪೀಸಿಗೆ ಓಗೋ ದಿನಾನೇ ಮಾಡ್ಬುಡಾಣ.”

“ಅವತ್ತೇನಾ? ಇಬ್ರೂ ಖುದ್ದಾಗಿ ಓಗಿ ಬೆರಳಚ್ಚು ಕೊಡ್ಬೇಕು. ತಪ್ಪಿದ್ರೆ ಮತ್ಯಾವಾಗ ಡೇಟ್ ಸಿಕ್ತದೋ ಏನೋ. ಇಮಾನದ ಟಿಕೆಟ್ ಬೇರೆ ಆಗೋಗೈತೆ. ಡೈರೆಕ್ಟ್ ಟ್ರೈನ್ ಐತಲ್ಲ, ಅದ್ರಾಗೇ ಓಗಾಣ.”

“ಡೈರೆಕ್ಟಾಗಿ ಓದ್ರೆ ರಿಯರ್ಸಲ್ ಎಂಗಾಯ್ತದೆ? ಬಂಗಾರಪೇಟ್ಯಾಗೆ ಇಳ್ದು ಬದ್ಲಾಯಿಸ್ಬೇಕು. ಕೋರಮಂಡಲ್ ಸ್ವಿಟ್ಜರ್ಲೆಂಡು, ಬಂಗಾರಪೇಟೆ ಆಸ್ಟ್ರಿಯಾ, ಬೆಂಗ್ಳೂರು ಇಟಲಿ ಅಂದ್ಕೋ!”

ತೂಕವೂ ಅಭ್ಯಾಸವಾಗಲೆಂದು ಹೊಸ ಸೂಟ್‌ಕೇಸಿಗೆ ರಾಗಿ ತುಂಬಿಸಿದ. ಇಬ್ಬರ ಪಾಸ್‌ಪೋರ್ಟು, ಕಾಗದಪತ್ರ ಎಲ್ಲವೂ ತನ್ನ ಬಟ್ಟೆಯ ಚೀಲದಲ್ಲೇ ಇರಲಿ ಎಂದ.

“ನಂದು ನಾನೇ ಇಟ್ಕೋತೀನಿ” ಎಂದಳು ಶಶಿರೇಖ.

“ನನ್ಮೇಲೆ ನಂಬ್ಕೆ ಇಲ್ವಾ?”

“ನಂಬ್ಕೆ ಐತೆ. ಅದ್ಕೇ ಇಟ್ಕೋತೀನಿ.”

ಆ ದಿನ ಬಂತು. ಬಂಗಾರಪೇಟೆಯಲ್ಲಿ ಸುಧಾಕರ್ ರೈಲು ನಿಲ್ಲುವ ಮೊದಲೇ ಹಾರಿಳಿದು, ಮೇಲ್ಸೇತುವೆ ಹತ್ತಿ, ರಾಗಿಯ ಸೂಟ್‌ಕೇಸು ಎಳೆಯುತ್ತಿದ್ದ ಹೆಂಡತಿಗೆ “ಬಾ ಬಾ! ಆಸ್ಟ್ರಿಯಾದಾಗೆ ಯಾರೂ ಕಾಯಲ್ಲ!” ಎಂದು ಕೂಗಿದ. ಪಾನಿಪೂರಿ ತಿನ್ನುತ್ತಿದ್ದವರೂ ತಿರುಗಿ ನೋಡಿದರು. ಡೈರೆಕ್ಟ್ ರೈಲು ತಪ್ಪಿದಾಗಲೆಲ್ಲ ತಾನು ನಿಲ್ಲುವ ಪ್ಲಾಟ್‌ಫಾರ್ಮಿನಲ್ಲಿ ಅದೇ ಕಂಬದ ಪಕ್ಕ ನಿಂತು ಗಡಿಯಾರ ನೋಡತೊಡಗಿದ. ಮೈಕು ಮೂರು ಭಾಷೆಯಲ್ಲಿ ಏನೋ ಅರಚುತ್ತಿತ್ತು.

“ರೀ, ಪ್ಲಾಟ್‌ಫಾರಂ ಬದ್ಲಾಗೈತಂತೆ. ಇದು ಜೋಲಾರ್‌ಪೇಟೆದು ಅಂತ ಏಳ್ತಾವ್ರೆ.”

“ಅನೌನ್ಸ್‌ಮೆಂಟು ಒಸಬರಿಗೆ ಕಣೇ!”

ರೈಲು ಬಂದೇಬಿಟ್ಟಿತು. ಅದು ಯಾವ ದಿಕ್ಕಿನಿಂದ ಬಂತು ಎಂದು ನೋಡಬೇಕಾದ ಕಣ್ಣು ಗಡಿಯಾರದ ಮೇಲಿತ್ತು. ಕೈ ಮಾತ್ರ ಇಪ್ಪತ್ತು ವರ್ಷದ ಚಾಳಿಯನ್ನು ಮರೆಯಲಿಲ್ಲ. ರೈಲು ನಿಧಾನವಾಗುತ್ತಿದ್ದಂತೆ ಜೊತೆಗೇ ಓಡಿ, ಕಿಟಕಿಯ ಕಂಬಿಗಳ ಸಂದಿಯಲ್ಲಿ ಬಟ್ಟೆಯ ಚೀಲವನ್ನು ತೂರಿಸಿ ಸೀಟಿನ ಮೇಲೆ ಬೀಳಿಸಿದ. ಕರ್ಚೀಫೋ ಚೀಲವೋ ಏನಾದರೊಂದು ಬಿದ್ದರೆ ಆ ಸೀಟು ನಮ್ಮದು. ಇದು ಈ ಲೈನಿನ ಧರ್ಮಶಾಸ್ತ್ರ!

“ಇಡಿದ್ನಲ್ಲಾ ಸೀಟು!” ಎಂದು ಮೀಸೆ ತಿರುವಿದ.

“ಕುಪ್ಪಂ ಕಡೆ ಓಗೋ ಗಾಡ್ಯಾಗೆ ಇಡಿದ್ರಿ! ಬೆಂಗ್ಳೂರ್ದು ಅಗೋ ಆ ಕಡೆ ಬತ್ತೈತೆ!”

ಸುಧಾಕರ್ ಚೀಲದ ಹಿಂದೆ ಓಡಿದ. ಚೀಲ ಬಿದ್ದ ಡಬ್ಬಿಯ ಬಾಗಿಲಲ್ಲಿ ಇಳಿಯುವವರ ಜಾತ್ರೆ. ಅವನು ನುಗ್ಗುವಷ್ಟರಲ್ಲಿ ರೈಲು ಅಲುಗಿತು. ಸಿಕ್ಕಿದ್ದು ಹಿಂದಿನ ಡಬ್ಬಿ. ಅಲ್ಲಿಂದ ಮುಂದಿನ ಡಬ್ಬಿಗೆ ಒಳಗಿನಿಂದ ದಾರಿಯೇ ಇಲ್ಲ! ಕುಪ್ಪಂನವರೆಗೆ ನಿಲುಗಡೆಯೂ ಇಲ್ಲ! ಪಾಸ್‌ಪೋರ್ಟು ಮುಂದೆ, ಯಜಮಾನ ಹಿಂದೆ. ಮೆರವಣಿಗೆ ಆಂಧ್ರಕ್ಕೆ ಹೊರಟಿತು.

ಕುಪ್ಪಂನಲ್ಲಿ ಹಾರಿ, ಓಡಿ, ಚೀಲದ ಡಬ್ಬಿ ಹತ್ತಿದ. ಪಾಸ್‌ಪೋರ್ಟ್ ಹೋದರೆ ಶಶಿಗೆ ಯಾವ ಮುಖ ತೋರಿಸುವುದು? ಒಳಗೆ ಜನ ಕಿಕ್ಕಿರಿದಿದ್ದರು. ಆದರೆ ಕಿಟಕಿ ಪಕ್ಕದ ಒಂದು ಸೀಟು ಖಾಲಿ. ಅದರ ಮೇಲೆ ದೇವರಂತೆ ಚೀಲ! ಪಕ್ಕದಲ್ಲೇ ಒಬ್ಬ ಮುದುಕ, ಅದೇ ಗಣಿ ಸೀಮೆಯ ಚಾಂಪಿಯನ್ ರೀಫ್ಸ್‌ನ ಕುಪ್ಪುಸ್ವಾಮಿ, ನಿಂತು ಕಾವಲು ಕಾಯುತ್ತಿದ್ದ.

“ನಿಮ್ದಾ ಸಾರ್? ಎಷ್ಟು ಜನ ಕೂತ್ಕೋತೀನಿ ಅಂತ ಬಂದ್ರು ತೆರಿಯುಮಾ, ಗೊತ್ತಾ? ಬ್ಯಾಗ್ ಬಿದ್ದೈತೆ, ಆಳು ವರುವಾಂಗ, ಬಂದೇ ಬತ್ತಾರೆ ಅಂತ ನಾನು ಬಿಡ್ಲಿಲ್ಲ. ಬನ್ನಿ, ಕೂತ್ಕಳ್ಳಿ!”

“ನಾನ್ ಇಳೀಬೇಕು ತಾತಾ!” ಎನ್ನುವಷ್ಟರಲ್ಲಿ ರೈಲು ಕುಪ್ಪಂ ಬಿಟ್ಟಿತ್ತು. ಸುಧಾಕರ್ ಕೂತ. ಫೋನು ಬಡಿದುಕೊಂಡಿತು.

“ನಾನ್ ಬೆಂಗ್ಳೂರ್ ಗಾಡಿ ಅತ್ತಿದೀನಿ. ಬೆರಳಚ್ಚು ನಂದಾದ್ರೂ ಆಗ್ಲಿ. ನೀವೆಲ್ಲಿದೀರಿ?”

“ಕುಪ್ಪಂ ದಾಟ್ತು.”

“ಓ, ಎರಡ್ನೇ ದೇಶ!” ಎಂದು ಇಟ್ಟೇಬಿಟ್ಟಳು.

ತಮಿಳುನಾಡಿನ ಜೋಲಾರ್‌ಪೇಟೆಯಲ್ಲಿ ಇಳಿದರೆ ಟಿಕೆಟ್ ಪರೀಕ್ಷಕರು. ಸುಧಾಕರ್ ಗತ್ತಿನಿಂದ ಸೀಸನ್ ಪಾಸ್ ತೋರಿಸಿದ. “ಇದು ಬೆಂಗಳೂರು ಪಕ್ಕಂ ಸಾರ್, ಈ ಕಡೆಗಲ್ಲ” ಎಂದರು ಅವರು. ಕಂಗಾಲಾಗಿ ಚೀಲದಿಂದ ಪಾಸ್‌ಪೋರ್ಟು, ಹೋಟೆಲ್ ಬುಕಿಂಗು, ಹಿಮಪರ್ವತದ ರೈಲಿನ ನಕ್ಷೆ ಎಲ್ಲ ಹರಡಿ, ತಾನು ವೀಸಾಕ್ಕೆ ಹೊರಟವನು ಎಂದು ಗೋಗರೆದ.

“ಸ್ವಿಟ್ಜರ್ಲೆಂಡುಕ್ಕು ಜೋಲಾರ್‌ಪೇಟೆ ವಳಿಯಾವಾ ಸಾರ್ ಪೋರೀಂಗ?”

ಸ್ವಿಟ್ಜರ್ಲೆಂಡಿಗೆ ಜೋಲಾರ್‌ಪೇಟೆ ದಾರಿಯೇ ಎಂದು ಪರೀಕ್ಷಕರು ಕೇಳಿದ್ದೇ ತಡ, ಸುತ್ತಲಿದ್ದವರೆಲ್ಲ ನಕ್ಕರು. ದೂರದಲ್ಲಿ ಏಲಗಿರಿ ಬೆಟ್ಟವೂ ನೋಡುತ್ತಿತ್ತು. ಇಪ್ಪತ್ತು ವರ್ಷದ ನಿಷ್ಕಳಂಕ ಪ್ರಯಾಣಿಕ ಮೊದಲ ಬಾರಿಗೆ ದಂಡ ಕಟ್ಟಿದ.

ಸಂಜೆ ಬಂಗಾರಪೇಟೆಯಲ್ಲಿ ಗಂಡಹೆಂಡಿರು ಎದುರಾದರು. ಅವನು ತಮಿಳುನಾಡಿನ ಕಡೆಯಿಂದ, ಅವಳು ಬೆಂಗಳೂರಿನ ಕಡೆಯಿಂದ. ಸುಧಾಕರನಿಗೆ ತಲೆ ಎತ್ತಲಾಗಲಿಲ್ಲ.

“ನಿಂದಾಯ್ತಾ?”

“ಆಯ್ತು. ಸೆಕ್ಯೂರಿಟಿಯೋನು ಸೂಟ್‌ಕೇಸ್ ಬಿಚ್ಚಿ, ಯುರೋಪ್ನಾಗೆ ಮುದ್ದೆ ಓಟ್ಲು ಇಡ್ತೀರಾ ಮೇಡಂ ಅಂದ. ನಿಮ್ಮ ಯಜಮಾನ್ರೆಲ್ಲಿ ಅಂತ ಒಳಗಡೆ ಕೇಳಿದ್ರು. ಮುಂಚೇನೇ ಓದ್ರು, ಒಂದೇ ದಿನದಾಗೆ ಮೂರು ರಾಜ್ಯ, ಅದೂ ವೀಸಾ ಇಲ್ದೆ ಅಂದೆ.”

“ನನ್ ಗತಿ?”

“ಕೈಕಾಲು ಇಡಿದೆ. ಯಾರೋ ಬುಟ್ಟ ಡೇಟಿತ್ತು, ಸೋಮವಾರಕ್ಕೆ ಆಕ್ಸ್ಕೊಂಡ್ ಬಂದಿದೀನಿ. ಡೈರೆಕ್ಟ್ ಗಾಡ್ಯಾಗೆ ಓಗ್ತೀವಿ.”

ಸುಧಾಕರನಿಗೆ ಹೋದ ಜೀವ ಬಂತು, ಕಣ್ಣೂ ತುಂಬಿತು. ಅಷ್ಟರಲ್ಲಿ ಕೋರಮಂಡಲ್ ಕಡೆಯ ರೈಲು ಒಳಬಂತು. ಅವನಿಗೆ ಗೊತ್ತಿಲ್ಲದಂತೆಯೇ ಕೈ ಚೀಲದ ಸಮೇತ ಕಿಟಕಿಯತ್ತ ಚಾಚಿಕೊಂಡಿತು. ಶಶಿರೇಖ ಗಬಕ್ಕನೆ ಚೀಲ ಕಸಿದುಕೊಂಡಳು.

“ಮಂಜಿನ್ ಬೆಟ್ಟ ನಾನೇ ತೋರಿಸ್ತೀನಿ, ಬನ್ನಿ” ಎಂದಳು. “ಈ ಚೀಲ ನೋಡಿ, ಜೋಲಾರ್‌ಪೇಟೆಗಂಟ ಒಂದು ಮಾತಾಡ್ದೆ, ಕೂತಲ್ಲೇ ಕೂತು, ಎಷ್ಟು ಮರ್ವಾದೆಯಾಗಿ ಓಗ್ ಬಂತು! ಆಲ್ಪ್ಸ್‌ನಾಗೆ ನೀವೂ ಅಂಗೇ ಇದ್ರೆ ಸಾಕು.”